ಸೋದರಮಾವನ ತೊಡೆ

ಕೋಥರೂಡ, ಪುಣೆ
೧೭ ಆಗಸ್ಟ್ ೨೦೨೫, ರವಿವಾರ

ಚನ್ನವೀರಣ್ಣನಿಗೆ ಮಾಧುರಿಯ ನಮಸ್ಕಾರ.

ನನ್ನ ಅಕ್ಷರ ಕಂಡ ಕೂಡಲೇ ಲಕೋಟೆಯನ್ನು ಟಿ.ವಿ. ಹಿಂದೆ ಸರಿಸಿಬಿಡಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ ಒಂದೆರಡು ಸಲವೂ ನಾವು ಕೂಗಾಡಿಯೇ ಇಟ್ಟಿದ್ದೇವೆ. ಕಾಗದ ಕೂಗುವುದಿಲ್ಲ, ನಡುವೆ ಕಟ್ ಮಾಡುವುದಕ್ಕೂ ಬರುವುದಿಲ್ಲ. ಹರಿದು ಎಸೆಯುವ ಮುಂಚೆ ಒಂದು ಸಲವಾದರೂ ಓದುತ್ತೀ ಅನ್ನುವ ಧೈರ್ಯದಿಂದ ಬರೆಯುತ್ತಿದ್ದೇನೆ.

ವಿಷಯ ನಿನ್ನ ಸೋದರಳಿಯ ಅಭಿಲಾಷನ ಜವಳದ್ದು. ಬರುವ ಫೆಬ್ರವರಿ ಹನ್ನೊಂದಕ್ಕೆ ಅವನಿಗೆ ಐದು ತುಂಬುತ್ತದೆ. ಹುಟ್ಟುಗೂದಲು ಇನ್ನೂ ತೆಗೆಸಿಲ್ಲ, ಸೊಂಟದ ತನಕ ಇಳಿದಿದೆ. ನಮ್ಮ ಮನೆತನದಲ್ಲಿ ಒಂದು, ಮೂರು, ಐದು ಹೀಗೆ ಬೆಸ ವರ್ಷದಲ್ಲೇ ಆಗಬೇಕೆಂದು ನಿನಗೆ ನಾನು ಹೇಳಬೇಕಿಲ್ಲ. ಮೊದಲನೆಯ ವರ್ಷ ಅವನ ಮೈ ನೆಟ್ಟಗಿರಲಿಲ್ಲ. ಮೂರನೆಯದನ್ನು ನಾನೂ ನೀನೂ ಸಿಟ್ಟಿನಲ್ಲಿ ಕಳೆದೆವು. ಉಳಿದಿರುವುದು ಈ ಐದನೆಯದೊಂದೇ, ಅದೂ ಫೆಬ್ರವರಿಗೆ ಮುಗಿಯುತ್ತದೆ.

ನನಗೆ ಏಳು ವರ್ಷ ಮಕ್ಕಳಾಗದಿದ್ದಾಗ ಅವ್ವ ಜೇಜುರಿಗೆ ಬಂದು ಖಂಡೋಬನ ಮುಂದೆ ಸೆರಗು ಒಡ್ಡಿ ನಿಂತದ್ದು ನನ್ನ ಕಣ್ಣೆದುರೇ ಇದೆ. "ಕೂಸು ಹುಟ್ಟಲಿ, ಅದರ ಮೊದಲ ಕೂದಲಾ ನಿನಗ. ನನ್ನ ಮಗನ ತೊಡಿ ಮ್ಯಾಲೆ ಕುಂಡ್ರಿಸಿ ತಗಸ್ತೀನಿ" ಎಂದಳು. ಮನೋಹರ ಈಗ ಹೇಳುತ್ತಾರೆ, ಸೋದರಮಾವನೇ ಬೇಕೆಂದರೆ ದೂರದ ಸಂಬಂಧದವರು ಯಾರನ್ನಾದರೂ ಕೂಡಿಸೋಣ ಎಂದು. ಅವ್ವ ಹೆಸರು ಹಿಡಿದು ಬೇಡಿಕೊಂಡದ್ದು ನಿನ್ನ ತೊಡೆಯನ್ನು. ಅದಕ್ಕೆ ಬದಲಿ ಎಲ್ಲಿಂದ ತರಲಿ?

ಇಲ್ಲಿಯ ದಿನಚರಿ ಹಳೆಯದೇ. ಮನೋಹರ ಬಾರಾಮತಿಯ ಹಾಲಿನ ಕಾರ್ಖಾನೆಯಲ್ಲಿದ್ದಾರೆ, ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುತ್ತಾರೆ. ಉಳಿದ ದಿನ ಬೆಳಿಗ್ಗೆ ಆರಕ್ಕೆ ನಾನು ಸ್ಕೂಟರಿಗೆ ಲ್ಯಾಬಿನ ತಂಪು ಪೆಟ್ಟಿಗೆ ಕಟ್ಟಿಕೊಂಡು ಮನೆಮನೆಗೆ ರಕ್ತ ತೆಗೆಯಲು ಹೊರಡುತ್ತೇನೆ. ನಿದ್ದೆಯಲ್ಲಿರುವ ಅಭಿಯನ್ನು ಕೆಳಗಿನ ಮನೆಯ ಕೃಷ್ಣಾಬಾಯಿಯವರ ಹಾಸಿಗೆಗೆ ಹಾಕಿ ಹೋಗುತ್ತೇನೆ. ಅವರೇ ಎಬ್ಬಿಸಿ, ಹಾಲು ಕುಡಿಸಿ, ಎರಡು ಹೆರಳು ಹಾಕಿ, ಎಂಟೂವರೆಗೆ ಬಾಲವಾಡಿಗೆ ಬಿಡುತ್ತಾರೆ. ಯಾವ ಜನ್ಮದ ನಂಟೋ ಗೊತ್ತಿಲ್ಲ, ನನ್ನ ಸಂಸಾರ ನಿಂತಿರುವುದು ಆ ಮುದುಕಿಯ ಮೊಣಕಾಲಿನ ಮೇಲೆ.

ಅವ್ವ ಹೋದ ಆ ದಿನದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನೀನು ಬಾ, ಅಷ್ಟೇ. ಮಾಯಾ ವೈನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ತಂಗಿ
ಮಾಧುರಿ

* * *

ಕೋಥರೂಡ
೫ ಅಕ್ಟೋಬರ್ ೨೦೨೫

ಅಣ್ಣ,

ಒಂದೂವರೆ ತಿಂಗಳಾಯಿತು, ನಿನ್ನಿಂದ ಉತ್ತರವಿಲ್ಲ. ಪತ್ರ ಮುಟ್ಟಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದು. ಆದರೆ ನಮ್ಮ ಇಂಡಿ ಊರಿನ ಪೋಸ್ಟ್‌ಮನ್ ಅಷ್ಟು ಕೆಟ್ಟವನಲ್ಲ.

ಗಣಪತಿ ಹಬ್ಬದಲ್ಲಿ ನಮ್ಮ ಸೊಸೈಟಿಯ ಮಕ್ಕಳು ಕುಣಿದರು. ಅಭಿಯ ಹೆರಳು ನೋಡಿ ಅವನನ್ನು ರಾಧೆ ಮಾಡಿದ್ದರು. ನಾನು ಕೆಲಸ ಮುಗಿಸಿ ಓಡಿ ಬರುವಷ್ಟರಲ್ಲಿ ಕುಣಿತ ಮುಗಿದು, ಅವನು ಕೆನ್ನೆಯ ಬಣ್ಣ ಅಳಿಸದೇ ಮೆಟ್ಟಿಲ ಮೇಲೆ ಕೂತಿದ್ದ. "ಅವ್ವಾ, ಮಾಮಾ ಬಂದು ಕೂದಲಾ ತಗಸಿದ ಮ್ಯಾಲೆ ನಾ ಗಂಡಹುಡುಗ ಆಗತೀನೇನು?" ಎಂದು ಕೇಳಿದ. ನಗು ಬಂತು, ಆಮೇಲೆ ನಗಲಾಗಲಿಲ್ಲ. ನಿನ್ನ ಮುಖ ನೋಡಿದ ನೆನಪೂ ಅವನಿಗಿಲ್ಲ. ಆದರೂ ದಾರಿಯಲ್ಲಿ ಯಾರಾದರೂ ಹೆರಳು ಮುಟ್ಟಿ ಕೇಳಿದರೆ "ನಮ್ಮ ಮಾಮಾ ಬರೂತನಕ ಇರ್ತಾವ" ಅನ್ನುತ್ತಾನೆ.

ಬರೆಯುವುದಿಲ್ಲ ಎಂದದ್ದನ್ನು ಈಗ ಬರೆಯುತ್ತೇನೆ. ಅದನ್ನು ಬರೆಯದೇ ನಿನ್ನನ್ನು ಕರೆದೆನಲ್ಲ, ಅದಕ್ಕೇ ನೀನು ಉತ್ತರ ಕೊಡಲಿಲ್ಲವೇನೋ.

ಅವ್ವನ ಮಣ್ಣಾದ ಮರುದಿನ ಬೆಳಿಗ್ಗೆ ನಾವು ಬಂದಾಗ ಅಂಗಳದಲ್ಲಿ ಎಲ್ಲರೆದುರು ನೀನು ಕೇಳಿದೆ: "ಊರ ಮಂದಿ ರಕ್ತ ತಗದು ಮುಗೀತೇನು? ಈಗ ಬಂದಿ?" ಫೋನಿನಲ್ಲಿ ಚಾರ್ಜ್ ಇರಲಿಲ್ಲ ಎಂದು ನಾನು ಹೇಳಿದೆ. ಅದು ಸುಳ್ಳು.

ನೀನು ಏಳಕ್ಕೆ ಎರಡು ಸಲ ಫೋನ್ ಮಾಡಿದ್ದೆ. ಆಗ ನನ್ನ ಕೈಯಲ್ಲಿ ಸೂಜಿ ಇತ್ತು. ಏಳೂ ಇಪ್ಪತ್ತಕ್ಕೆ ನೋಡಿದೆ. "ಅವ್ವಗ ಭಾಳ ಆಗೇದ, ಲಗೂನ ಬರ್ರಿ" ಎಂದು ವೈನಿಯ ಮೆಸೇಜೂ ಇತ್ತು. ಇನ್ನೂ ಐದು ಮನೆ ಉಳಿದಿದ್ದವು, ಎಲ್ಲರೂ ವಯಸ್ಸಾದವರು, ಹಿಂದಿನ ರಾತ್ರಿಯಿಂದ ಉಪವಾಸ ಕೂತವರು. ಅಭಿಯ ಜ್ವರಕ್ಕೆ ಆ ವರ್ಷದ ರಜೆಯೆಲ್ಲ ಮುಗಿದಿತ್ತು. ಅದಕ್ಕಿಂತ ಮುಂಚೆ ಎರಡು ಸಲ ಅವ್ವನಿಗೆ ಹೀಗೇ ಆಗಿ, ನಾವು ಓಡಿ ಬಂದು, ಅವಳು ಎದ್ದು ಕೂತು ನಮಗೇ ಚಹಾ ಮಾಡಿದ್ದಳು. ಈ ಸಲವೂ ಹಾಗೇ ಇರುತ್ತದೆ ಅಂದುಕೊಂಡೆ. ಫೋನನ್ನು ಚೀಲಕ್ಕೆ ಹಾಕಿ ಐದು ಮನೆ ಮುಗಿಸಿದೆ. ಹತ್ತೂವರೆಗೆ ತಿರುಗಿ ಮಾಡಿದಾಗ ಯಾರೋ ಅಳುತ್ತ ಎತ್ತಿದರು.

ಏಳೂವರೆಗೇ ಹೊರಟಿದ್ದರೆ ಮೂರು ಗಂಟೆಗೆ ಮುಖ ಸಿಗುತ್ತಿತ್ತು. ನೀವು ಮಣ್ಣಿಗೆ ಒಯ್ಯದೇ ಐದರ ತನಕ ಕಾದಿರಿ. ನಾನು ಕೂಸನ್ನು ಎತ್ತಿಕೊಂಡು, ಮನೋಹರ ಬಾರಾಮತಿಯಿಂದ ಬರಲಿ ಎಂದು ಇಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಒಬ್ಬಳೇ ಹೊರಡಲಿಲ್ಲ. ಇಷ್ಟೇ ನಿಜ. ಇದನ್ನು ಮನೋಹರನಿಗೂ ಹೇಳಿಲ್ಲ.

ಓದಿದ ಮೇಲೂ ಬರಬೇಕೆನಿಸಿದರೆ ಬಾ.

ಮಾಧುರಿ

* * *

ಇಂಡಿ
೧೬ ನವೆಂಬರ್ ೨೦೨೫

ಮಾಧುರಿ,

ಎರಡೂ ಪತ್ರ ಮುಟ್ಟಿವೆ.

ಡಿಸೆಂಬರ್ ೧೪, ರವಿವಾರ. ನಾನು ಮತ್ತು ಮಾಯಾ ನೇರ ಜೇಜುರಿಗೆ ಬರುತ್ತೇವೆ. ಹತ್ತು ಗಂಟೆಗೆ ಗುಡ್ಡದ ಮೆಟ್ಟಿಲ ಕೆಳಗೆ ನಿಂತಿರು.

ಪುಣೆಯಲ್ಲಿ ಚಳಿ ಬಿದ್ದಿದೆ. ಬೆಳಿಗ್ಗೆ ಹುಡುಗನನ್ನು ಹೊರಗೆ ಒಯ್ಯುವಾಗ ತಲೆಗೆ ಟೊಪ್ಪಿಗೆ ಹಾಕು. ಕಿವಿ ಮುಚ್ಚುವಂಥದ್ದು.

ಚನ್ನವೀರ

* * *

ಕೋಥರೂಡ
೨೦ ನವೆಂಬರ್ ೨೦೨೫

ಅಣ್ಣ,

ನಿನ್ನ ಪತ್ರ ನಿನ್ನೆ ಬಂತು. ಇರುವ ಏಳೆಂಟು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮನೋಹರನಿಗೆ ಫೋನ್ ಮಾಡಿ ಓದಿ ಹೇಳಿದೆ, ಅವರು ಅಂದೇ ರಜೆ ಬರೆದು ಕೊಟ್ಟರಂತೆ.

ಟೊಪ್ಪಿಗೆ ಹಾಕುತ್ತೇನೆ. ತಯಾರಿ ಎಲ್ಲ ಆಗಿದೆ. ಅಭಿ ಚೆನ್ನಾಗಿದ್ದಾನೆ. ಕೆಲಸ ಬಹಳ, ಇವತ್ತು ಇನ್ನು ಬರೆಯಲು ಆಗುತ್ತಿಲ್ಲ.

ಮಾಧುರಿ

* * *

ಕೋಥರೂಡ
೩೦ ನವೆಂಬರ್ ೨೦೨೫

ಅಣ್ಣ,

ತಯಾರಿ ಎಲ್ಲ ಆಗಿದೆ ಎಂದು ಬರೆದೆನಲ್ಲ, ಅದು ಎರಡನೆಯ ಸುಳ್ಳು. ಅಭಿಯ ತಲೆಯ ಮೇಲೆ ಕೂದಲಿಲ್ಲ. ನಾನೇ ಕತ್ತರಿಸಿದೆ. ನಿನ್ನ ಪತ್ರ ಬರುವ ಒಂದು ವಾರ ಮೊದಲು, ನವೆಂಬರ್ ಹನ್ನೆರಡರ ಬುಧವಾರ.

ಹೇಗಾಯಿತೆಂದು ಹೇಳುತ್ತೇನೆ, ಅದು ಸರಿ ಎಂದು ಹೇಳುವುದಕ್ಕಲ್ಲ. ಕೃಷ್ಣಾಬಾಯಿ ಮಗಳ ಬಾಣಂತನಕ್ಕೆ ಸಾತಾರಕ್ಕೆ ಹೋಗಿದ್ದರು. ಬೆಳಿಗ್ಗೆ ಅಭಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡೇ ಮನೆಮನೆಗೆ ತಿರುಗುತ್ತಿದ್ದೆ. ನಾನು ರಕ್ತ ತೆಗೆಯುವಾಗ ಅವನು ಅವರ ಸೋಫಾದ ತುದಿಯಲ್ಲಿ ಕೈಕಟ್ಟಿ ಕೂತಿರುತ್ತಿದ್ದ. ಮುಗಿಸಿ ಬಾಲವಾಡಿಗೆ ಬಿಡುತ್ತಿದ್ದೆ. ಮಂಗಳವಾರ ಅವನ ಚೀಲದಲ್ಲಿ ಚೀಟಿ ಬಂತು: ತಲೆಯಲ್ಲಿ ಹೇನು, ಪೂರ್ತಿ ಹೋಗುವ ತನಕ ಕಳಿಸಬೇಡಿ. ಲ್ಯಾಬಿನಲ್ಲಿ ರಜೆ ಕೇಳಿದೆ. "ಈ ತಿಂಗಳಲ್ಲಿ ಇದು ನಾಲ್ಕನೆಯದು" ಎಂದರು. ಔಷಧ ಹಚ್ಚಿದೆ. ಸೊಂಟದುದ್ದದ ಕೂದಲಿಗೆ ಅದು ಯಾವ ಮೂಲೆಗೆ ಸಾಕು?

ಬುಧವಾರ ನಸುಕಿನಲ್ಲಿ ಬಾಚುತ್ತ ಕೂತೆ. ಕೆರೆದು ಕೆರೆದು ತಲೆಯೆಲ್ಲ ಗಾಯ, ಬಾಚಣಿಗೆ ತಾಗಿದರೆ ಚೀರುತ್ತಿದ್ದ. "ಅವ್ವಾ ಬ್ಯಾಡವ್ವಾ, ಬ್ಯಾಡವ್ವಾ" ಎಂದು ನನ್ನ ಕೈ ಹಿಡಿದ. ಫೋನ್ ಹೊಡೆದುಕೊಳ್ಳುತ್ತಿತ್ತು. ಮೊದಲ ಮನೆಯ ಹರಿಶ್ಚಂದ್ರ ಕಾಕಾ ಸಕ್ಕರೆ ಕಾಯಿಲೆಯವರು, ಹಸಿದು ಕೂತಿದ್ದರು. ಹೇನಿರುವ ಮಗನನ್ನು ಯಾರ ಮನೆಯೊಳಗೆ ಒಯ್ಯಲಿ, ಯಾರ ಹತ್ತಿರ ಬಿಡಲಿ? ಅವತ್ತಿಗೆ ನೀನು ಬರುವೆ ಎಂಬ ಆಸೆಯೂ ಉಳಿದಿರಲಿಲ್ಲ. ಚೀಲದಲ್ಲಿ ಬ್ಯಾಂಡೇಜ್ ಪಟ್ಟಿ ಕತ್ತರಿಸುವ ಕತ್ತರಿ ಇತ್ತು.

ಒಂದು ಹೆರಳು ನೆಲಕ್ಕೆ ಬಿದ್ದ ಮೇಲೆ ಏನು ಮಾಡಿದೆನೆಂದು ಗೊತ್ತಾಯಿತು. ನಿಲ್ಲಿಸಿ ಏನುಪಯೋಗ? ಒಂಟಿ ಹೆರಳಿನ ಮಗನನ್ನು ಯಾವ ದೇವರಿಗೆ ತೋರಿಸಲಿ? ಇನ್ನೊಂದನ್ನೂ ಕತ್ತರಿಸಿದೆ. ಉಳಿದದ್ದನ್ನು ಕೈಗೆ ಬಂದಂತೆ ಸವರಿದೆ. ಆರೂ ಇಪ್ಪತ್ತಕ್ಕೆ ಸ್ಕೂಟರಿನ ಮೇಲಿದ್ದೆವು. ಎಂಟು ಮನೆ ಮುಗಿಸಿದೆ. ಒಬ್ಬರಿಗೂ ಎರಡನೇ ಸಲ ಸೂಜಿ ಚುಚ್ಚಬೇಕಾಗಲಿಲ್ಲ. ಅಷ್ಟು ಗಟ್ಟಿಯಾಗಿತ್ತು ನನ್ನ ಕೈ. ಅದನ್ನು ನೆನೆಸಿದರೆ ನನಗೇ ಹೆದರಿಕೆಯಾಗುತ್ತದೆ.

ಕೃಷ್ಣಾಬಾಯಿ ಮರಳಿ ಬಂದು ನೋಡಿ ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ಹೇಳಿದರು, ತಿಂಗಳಲ್ಲಿ ಒಂದಿಷ್ಟು ಬೆಳೆಯುತ್ತದೆ, ಹೇನಿಗೆ ಸ್ವಲ್ಪ ಕತ್ತರಿಸಿದೆ ಅನ್ನು, ನಿನ್ನ ಅಣ್ಣನಿಗೇನು ಗೊತ್ತು ಎಂದು. ಮನೋಹರನೂ ಅದನ್ನೇ ಅಂದರು. ಹಾಗೇ ಮಾಡಬೇಕೆಂದಿದ್ದೆ. ಆದರೆ ಒಂದು ಸುಳ್ಳನ್ನು ಮೂರು ವರ್ಷ ಹೊತ್ತು ನೋಡಿದ್ದೇನೆ, ಇನ್ನೊಂದು ಹೊರಲು ನನ್ನಿಂದಾಗದು.

ಕೂದಲು ಎಸೆದಿಲ್ಲ. ಅವ್ವನ ಇಳಕಲ್ ಸೀರೆಯ ಸೆರಗಿನ ತುಂಡೊಂದು ನನ್ನ ಹತ್ತಿರ ಇತ್ತು, ಅದರಲ್ಲಿ ಕಟ್ಟಿಟ್ಟಿದ್ದೇನೆ. ಅವ್ವನ ಮುಖವನ್ನೂ ಕೆಲಸಕ್ಕಾಗಿ ಬಿಟ್ಟೆ, ಅವಳ ಹರಕೆಯನ್ನೂ ಕೆಲಸಕ್ಕಾಗಿ ಮುರಿದೆ. ನೀನು ಅಂಗಳದಲ್ಲಿ ಕೇಳಿದ್ದು ತಪ್ಪಲ್ಲ. ಹದಿನಾಲ್ಕಕ್ಕೆ ಬರಬೇಡ ಅನ್ನುವ ಧೈರ್ಯ ನನಗಿಲ್ಲ. ಬಾ ಅನ್ನುವ ಮುಖವೂ ಇಲ್ಲ.

ಮಾಧುರಿ

* * *

ಇಂಡಿ
೬ ಡಿಸೆಂಬರ್ ೨೦೨೫

ಮಾಧುರಿಗೆ ಆಶೀರ್ವಾದ.

ನನಗೆ ಗೊತ್ತಿತ್ತು.

ಹೋದ ವರ್ಷ ಮಾರ್ಚಿನಿಂದ ನನಗೆ ವಿಜಯಪುರ–ಪುಣೆ ಬಸ್ಸಿನ ಡ್ಯೂಟಿ ಇದೆ. ಮಂಗಳವಾರ, ಶುಕ್ರವಾರ ನಸುಕಿನಲ್ಲಿ ಸ್ವಾರಗೇಟ್ ಮುಟ್ಟುತ್ತೇನೆ, ಸಂಜೆ ಮತ್ತೆ ಹೊರಡಬೇಕು. ಇಡೀ ದಿನ ಡ್ರೈವರುಗಳ ಕೋಣೆಯಲ್ಲಿ ಮಲಗಿರುತ್ತೇನೆ. ನಿನ್ನ ಮನೆ ಅಲ್ಲಿಂದ ಅರ್ಧ ಗಂಟೆ. ಇಷ್ಟು ದಿನ ನಾನು ನಿನಗೆ ಹೇಳಲಿಲ್ಲ, ನೀನೂ ಹೇಳಬೇಡ ಎಂದು ಮಾಯಾಗೆ ಹೇಳಿಟ್ಟಿದ್ದೆ.

ನಾಲ್ಕು ಸಲ ಸಿಟಿ ಬಸ್ಸು ಹತ್ತಿ ಬಂದಿದ್ದೇನೆ. ನಿಮ್ಮ ಸೊಸೈಟಿಯ ಗೇಟಿನ ಎದುರು ಚಹಾದ ಗಾಡಿ ಇದೆಯಲ್ಲ, ಅಲ್ಲಿ ನಿಲ್ಲುತ್ತಿದ್ದೆ. ಮುದುಕಿಯೊಬ್ಬಳು ಎರಡು ಹೆರಳಿನ ಕೂಸಿನ ಕೈ ಹಿಡಿದು ಹೋಗುತ್ತಿದ್ದಳು. ಮೊದಲ ಸಲ ಬೇರೆ ಯಾರದೋ ಹೆಣ್ಣುಮಗು ಅಂದುಕೊಂಡೆ. ಎರಡನೇ ಸಲ ಅದು ತಲೆ ಎತ್ತಿ ನೋಡಿತು. ಅವ್ವನ ಕಣ್ಣು. ಚಹಾ ಕುಡಿಯದೇ ಗ್ಲಾಸು ಇಟ್ಟು ಹೋದೆ.

ನಾಲ್ಕನೆಯ ಸಲ ಬಂದದ್ದು ನವೆಂಬರ್ ಹದಿನಾಲ್ಕು, ಶುಕ್ರವಾರ. ಅಂದು ನನ್ನ ಕಿಸೆಯಲ್ಲಿ ನಿನಗೆ ಬರೆದ ಪತ್ರವಿತ್ತು. "ಬೇರೆ ಯಾರ ತೊಡೆಯ ಮೇಲಾದರೂ ಕೂಡಿಸು, ನಾನು ಬರುವುದಿಲ್ಲ" ಎಂದು ಬರೆದಿದ್ದೆ. ಕೋಥರೂಡದ ಡಬ್ಬಿಗೇ ಹಾಕುವ ಎಂದು ಬಂದೆ. ಅಷ್ಟರಲ್ಲಿ ನಿನ್ನ ಸ್ಕೂಟರು ಗೇಟಿನ ಹೊರಗೆ ಬಂದು ನಿಂತಿತು. ಹುಡುಗ ಮುಂದೆ ನಿಂತಿದ್ದ. ತಲೆಯಲ್ಲಿ ಕೂದಲಿಲ್ಲ. ಅಂಗಿಗೆ ಮಕ್ಕಳ ದಿನದ ಕಾಗದದ ಹೂವು ಚುಚ್ಚಿಕೊಂಡಿದ್ದ.

ಮೊದಲು ಸಿಟ್ಟು ನೆತ್ತಿಗೇರಿತು. ಯಾರನ್ನೋ ಕೂಡಿಸಿ ಜವಳ ಮುಗಿಸಿಬಿಟ್ಟಿದ್ದಾಳೆ, ನನಗೆ ಸುಮ್ಮನೆ ಕಾಗದ ಬರೆದಿದ್ದಾಳೆ ಅಂದುಕೊಂಡೆ. ಆಮೇಲೆ ತಲೆ ಸರಿಯಾಗಿ ಕಂಡಿತು. ಒಂದು ಕಡೆ ಬೆರಳುದ್ದ, ಒಂದು ಕಡೆ ಚರ್ಮ, ಹಿಂದೆ ಒಂದು ಕುಚ್ಚು ಹಾಗೇ ಉಳಿದಿತ್ತು. ಕ್ಷೌರಿಕನ ಕೈ ಅಲ್ಲ ಅದು. ಮನೆಯಲ್ಲಿ ಯಾರೂ ಇಲ್ಲದವರ ಕೈ. ನೀನು ಕೆಳಗಿಳಿದು ಅವನ ತಲೆಯ ಮೇಲೆ ಕೈ ಆಡಿಸಿದೆ, ಕೈ ಆ ಕುಚ್ಚಿನ ಹತ್ತಿರ ನಿಂತುಬಿಟ್ಟಿತು. ಆಮೇಲೆ ಪೆಟ್ಟಿಗೆಯ ಬೆಲ್ಟು ಬಿಗಿದು ಹೊರಟೆ. ನಾನು ಕಿಸೆಯ ಪತ್ರ ಹರಿದು ಹಾಕಿದೆ. ಮನೆಗೆ ಬಂದು ಇನ್ನೊಂದು ಬರೆದೆ. ಟೊಪ್ಪಿಗೆ ಹಾಕು ಎಂದದ್ದು ಅದಕ್ಕೇ.

ಇನ್ನು ನನ್ನದು ಕೇಳು. ಆ ದಿನ ನಾನು ನಿನಗೆ ಫೋನ್ ಮಾಡಿದ್ದು ಮನೆಯಿಂದಲ್ಲ. ಸೊಲ್ಲಾಪುರದ ಸ್ಟ್ಯಾಂಡಿನಿಂದ. ಮಾಯಾ ಫೋನ್ ಮಾಡಿ ಅಳುತ್ತಿದ್ದಳು. ಬಸ್ಸು ತುಂಬ ಮಂದಿ. ಬದಲಿ ಡ್ರೈವರು ಸಿಗಲಿಲ್ಲ. ಇಳಿದು ಓಡಬಹುದಿತ್ತು, ಯಾವುದಾದರೂ ಗಾಡಿ ಸಿಗುತ್ತಿತ್ತು. ನಾನು ಇಳಿಯಲಿಲ್ಲ. ಅವ್ವ ಒಂಬತ್ತಕ್ಕೆ ಹೋದಳು. ನಾನು ಮನೆ ಮುಟ್ಟಿದ್ದು ಹನ್ನೊಂದೂವರೆಗೆ, ಖಾಕಿ ಅಂಗಿಯಲ್ಲೇ. ಮನೆಯಲ್ಲಿದ್ದವರಿಗೆಲ್ಲ ಇದು ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ. ನೀನು ಮರುದಿನ ಅಂಗಳಕ್ಕೆ ಕಾಲಿಟ್ಟಾಗ ಯಾರಾದರೂ ನನ್ನನ್ನು ಕೇಳುವ ಮುಂಚೆ ನಾನು ನಿನ್ನನ್ನು ಕೇಳಿಬಿಟ್ಟೆ. ಅಷ್ಟೇ ಮಾಡಿದ್ದು. ಅದಕ್ಕೆ ಮೂರು ವರ್ಷ ಸಿಟ್ಟು ಎಂದು ಹೆಸರಿಟ್ಟುಕೊಂಡು ತಿರುಗಿದೆ.

ಕೊನೆಗೆ ಮಾಯಾ ಅವ್ವನ ಕಿವಿಯಲ್ಲಿ ಹೇಳಿದಳಂತೆ: "ಅತ್ತಿ, ಇಬ್ಬರಿಗೂ ಫೋನ ಹೋಗೇದ, ಬರಲಿಕ್ಕತ್ತಾರ." ಅವ್ವ ಅಂದಳಂತೆ: "ದುಡಿಯೋ ಮಕ್ಕಳವ್ವ. ಸಾವಕಾಶ ಬರಲಿ. ಹಾದ್ಯಾಗ ಹುಷಾರ ಅನ್ನು."

ಇದನ್ನು ನಿನಗೆ ಅಂದೇ ಹೇಳಬೇಕಿತ್ತು. ನಿನ್ನ ಪಾಲಿನ ಮಾತನ್ನೂ ನಾನೇ ಇಟ್ಟುಕೊಂಡೆ.

ಹದಿನಾಲ್ಕಕ್ಕೆ ಬರುತ್ತೇನೆ. ಕೂದಲು ಸೆರಗಿನಲ್ಲಿದೆ, ತೊಡೆ ನನ್ನ ಹತ್ತಿರ ಇದೆ, ಹುಡುಗ ನಿನ್ನ ಹತ್ತಿರ ಇದ್ದಾನೆ. ಅವ್ವ ಬೇಡಿಕೊಂಡದ್ದು ಇವೇ ಮೂರು. ಹುಡುಗನ ತಲೆಯ ಮೇಲೆ ತಿಂಗಳಲ್ಲಿ ಎಷ್ಟು ಬೆಳೆದಿರುತ್ತದೋ ಅಷ್ಟಕ್ಕೇ ಕತ್ತಿ ಆಡಿಸಲಿ. ದೇವರಿಗೆ ಗೊತ್ತಾಗುತ್ತದೆ.

ನಿನ್ನ ಅಣ್ಣ
ಚನ್ನವೀರ

* * *

ಕೋಥರೂಡ
೧೫ ಡಿಸೆಂಬರ್ ೨೦೨೫, ಸೋಮವಾರ

ಅಣ್ಣ,

ನಿನ್ನೆ ಸಂಜೆ ತಾನೇ ಬಸ್ಸು ಹತ್ತಿಸಿ ಬಂದಿದ್ದೇನೆ, ಇವತ್ತು ಮತ್ತೆ ಕಾಗದ ಎಂದು ವೈನಿ ನಗಬಹುದು. ಫೋನಿನಲ್ಲಿ ಹೇಳಲು ಹೋದರೆ ನಾನು ಅತ್ತುಬಿಡುತ್ತೇನೆ. ನೀನೂ ಅಳುತ್ತೀ, ಸ್ಟೀರಿಂಗ್ ಹಿಡಿಯುವವನು.

ಅಭಿ ನಿನ್ನ ತೊಡೆ ಏರಿದಾಗ ನಿನ್ನ ಬೆನ್ನು ನನ್ನ ಕಡೆಗಿತ್ತು. ನಾನು ಅವ್ವನ ಸೆರಗಿನ ಗಂಟು ಹಿಡಿದು ಹಿಂದೆ ನಿಂತಿದ್ದೆ. ಅವನು ಹೊಸಬರ ಹತ್ತಿರ ಹೋಗುವವನಲ್ಲ, ಎಲ್ಲಿ ರಂಪ ಮಾಡುತ್ತಾನೋ ಎಂದು ಜೀವ ಕೈಯಲ್ಲಿತ್ತು. ಅವನು ಹತ್ತಿದವನೇ ನಿನ್ನ ಎರಡೂ ಹೆಬ್ಬೆರಳು ಹಿಡಿದುಕೊಂಡ. ಕ್ಷೌರಿಕ ತಲೆ ನೋಡಿ, ಕೂದಲೆಲ್ಲಿ ಎಂದು ಮರಾಠಿಯಲ್ಲಿ ಕೇಳಿದಾಗ ನೀನು ಕನ್ನಡದಲ್ಲೇ ಹೇಳಿದೆ: "ಅರ್ಧಾ ಅವ್ವ ತಗದಾಳ, ಉಳಿದದ್ದು ಮಾಮಾಂದು." ಅವನಿಗೆ ಏನು ತಿಳಿಯಿತೋ, ಕತ್ತಿ ಎತ್ತಿ ಹಣೆಗೆ ಮುಟ್ಟಿಸಿಕೊಂಡ. ನಾನು ಕಂಬದ ಹಿಂದೆ ಹೋದದ್ದು ಭಂಡಾರದ ಅರಿಶಿನ ಕಣ್ಣಿಗೆ ಬಿತ್ತೆಂದು ಅಲ್ಲ.

ಮನೆಗೆ ಬಂದ ಮೇಲೆ ಅಭಿ ಕೃಷ್ಣಾಬಾಯಿಯವರಿಗೆ ಬೋಳುತಲೆ ತೋರಿಸಿ ಮರಾಠಿಯಲ್ಲಿ ಇಡೀ ಕಥೆ ಒಪ್ಪಿಸಿದ. ಮಾಮಾನ ಅಂಗಿಯಿಂದ ಡೀಸೆಲ್ ವಾಸನೆ ಬರುತ್ತದಂತೆ. ಮಲಗುವಾಗ ನನ್ನನ್ನು ಕೇಳಿದ: "ಮಾಮಾ ನಮ್ಮ ಮನಿಗಿ ಯಾಕ ಬರಲಿಲ್ಲ? ಹಾದಿ ಗೊತ್ತಿಲ್ಲೇನು?" ಗೊತ್ತಿದೆ ಎಂದೆ.

ಇವತ್ತು ಬೆಳಿಗ್ಗೆ ಒಂಬತ್ತು ಮನೆ ಇದ್ದವು. ಕೊನೆಯ ಮನೆಯ ಮೆಟ್ಟಿಲಿಳಿಯುವಾಗ ಅವ್ವನ ಮಾತು ನೆನಪಾಯಿತು. ಹಾದ್ಯಾಗ ಹುಷಾರ ಅನ್ನು. ಸ್ಕೂಟರು ಬದಿಗೆ ನಿಲ್ಲಿಸಿ, ಪೆಟ್ಟಿಗೆಯ ಮೇಲೆ ತಲೆಯಿಟ್ಟು, ಅಂದು ಅಳಬೇಕಾದದ್ದನ್ನು ಇವತ್ತು ಅತ್ತೆ. ಆಮೇಲೆ ಲ್ಯಾಬಿಗೆ ಹೋಗಿ ಎಲ್ಲ ಸರಿಯಾಗಿ ಒಪ್ಪಿಸಿದೆ.

ಈ ಪತ್ರ ಮುಟ್ಟುವಷ್ಟರಲ್ಲಿ ನಾಳೆಯ ಮಂಗಳವಾರ ದಾಟಿರುತ್ತದೆ. ಮುಂದಿನ ಮಂಗಳವಾರದಿಂದ ನಮ್ಮ ಮನೆಯ ಕೀಲಿ ಕೃಷ್ಣಾಬಾಯಿಯವರ ಹತ್ತಿರ ಇರುತ್ತದೆ, ಹೇಳಿಟ್ಟಿದ್ದೇನೆ. ಅಭಿ ಏಳಕ್ಕೆ ಏಳುತ್ತಾನೆ. ಹಾಲು ಗ್ಯಾಸಿನ ಪಕ್ಕದಲ್ಲಿದೆ, ಅವನಿಗೆ ಸಕ್ಕರೆ ಒಂದೇ ಚಮಚ ಹಾಕು, ಎರಡು ಕೇಳುತ್ತಾನೆ. ಬಾಲವಾಡಿಗೆ ಬಿಟ್ಟು ಬಂದು ನಮ್ಮ ಮಂಚದ ಮೇಲೆ ಮಲಗು, ಒಂದು ಗಂಟೆಗೆ ನಾನು ಬಂದು ರೊಟ್ಟಿ ಮಾಡುತ್ತೇ‌ನೆ.

ಗೇಟಿನ ಎದುರು ನಿಲ್ಲಬೇಡ. ಎರಡನೇ ಮಹಡಿ, ಎಡಗಡೆಯ ಬಾಗಿಲು.

ನಿನ್ನ ತಂಗಿ
ಮಾಧುರಿ